ಫೋನಿನ ಹೋಮ್ ಸ್ಕ್ರೀನ್: ಸಿಂಗರಿಸೋದಾ, ಸರಳವಾಗಿಡೋದಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯಲ್ಲಿ, ನೆಂಟರಲ್ಲಿ, ಆಫೀಸಿನಲ್ಲಿ ಯಾರು ಹೊಸ ಫೋನ್ ತಗೊಂಡರೂ "ಸ್ವಲ್ಪ ಸೆಟ್ ಮಾಡಿಕೊಡು" ಅಂತ ನನ್ನ ಕೈಗೆ ಕೊಡುತ್ತಾರೆ. ಆಗ ಅವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ನನ್ನ ಕೈಗೆ ಬರುವುದು ಬಹುತೇಕ ಆಂಡ್ರಾಯ್ಡ್ ಫೋನುಗಳು, ಹಾಗಾಗಿ ಅದರ ಮಾತೇ ಜಾಸ್ತಿ. ಐಫೋನ್ ಇರುವವರಿಗೆ ಬೇರೆ ಉತ್ತರ ಕೆಳಗಿದೆ.

ಹೋಮ್ ಸ್ಕ್ರೀನ್ ಹೇಗಿದ್ದರೇನು? ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಾ?

ಅಡುಗೆಮನೆಯ ಒಗ್ಗರಣೆ ಡಬ್ಬಿ ನೆನಪಿಸಿಕೊಳ್ಳಿ. ಎಣ್ಣೆ ಕಾದಿರುತ್ತದೆ, ಕಣ್ಣು ಬಾಣಲೆ ಮೇಲಿರುತ್ತದೆ, ಕೈ ತಾನಾಗಿ ಸಾಸಿವೆ ಬಟ್ಟಲಿಗೆ ಹೋಗುತ್ತದೆ. ಆಮೇಲೆ ಉದ್ದಿನಬೇಳೆ, ಆಮೇಲೆ ಇಂಗು. ಯಾರಾದರೂ ಆ ಬಟ್ಟಲುಗಳನ್ನು ಅದಲು ಬದಲು ಮಾಡಿಟ್ಟರೆ ಅವತ್ತು ಒಗ್ಗರಣೆ ಸೀದು ಹೋಗುತ್ತದೆ. ಹೋಮ್ ಸ್ಕ್ರೀನ್ ಕೂಡ ಹಾಗೇ. ದಿನಕ್ಕೆ ಹತ್ತಾರು ಸಲ ಬೆರಳು ಅಲ್ಲಿಗೆ ಹೋಗುತ್ತದೆ. ಬೇಕಾದದ್ದು ಯಾವಾಗಲೂ ಒಂದೇ ಜಾಗದಲ್ಲಿದ್ದರೆ ಹುಡುಕುವ ಕೆಲಸವೇ ಇರುವುದಿಲ್ಲ.

ಅದಕ್ಕೇ ಸಿಂಗಾರನಾ, ಸರಳನಾ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಇಷ್ಟೇ: ಈ ಫೋನ್ ಹಿಡಿಯುವ ಕೈ ಯಾರದು? ಆ ಕೈ ದಿನಾ ಏನು ಹುಡುಕುತ್ತದೆ? ಇದಕ್ಕೆ ಉತ್ತರ ಸಿಕ್ಕರೆ ಉಳಿದದ್ದು ಸುಲಭ.

ಸರಳ ಅಂದರೆ ಎಲ್ಲ ಖಾಲಿ ಮಾಡೋದಾ?

ಬೇಡ. ಪೂರ್ತಿ ಖಾಲಿ ಇರುವ ಸ್ಕ್ರೀನ್ ನೋಡಲು ಚೆಂದ. ಆದರೆ ತರಕಾರಿ ಗಾಡಿ ಮುಂದೆ ನಿಂತು, ಒಂದು ಕೈಯಲ್ಲಿ ಚೀಲ ಹಿಡಿದು, ಇನ್ನೊಂದು ಕೈಯಲ್ಲಿ ಮೂವತ್ತು ರೂಪಾಯಿ ಕೊಡಲು ಆ್ಯಪ್ ಹುಡುಕುವಾಗ ಆ ಚೆಂದ ಯಾವ ಉಪಯೋಗಕ್ಕೂ ಬರುವುದಿಲ್ಲ. ಸರಳ ಅಂದರೆ ಬೇಕಾದದ್ದು ಮಾತ್ರ ಎದುರಿಗಿರಬೇಕು. ಕೆಲವರಿಗೆ ಅದು ಐದು ಐಕಾನ್, ಕೆಲವರಿಗೆ ಹದಿನೈದು. ಡೆಲಿವರಿ ಕೆಲಸ ಮಾಡುವ ಹುಡುಗನಿಗೆ ಮ್ಯಾಪು, ಎರಡು ಕೆಲಸದ ಆ್ಯಪು, ಯುಪಿಐ, ಫೋನು, ಟಾರ್ಚು ಎಲ್ಲವೂ ಮೊದಲ ಪುಟದಲ್ಲೇ ಬೇಕು. ಅವನಿಗೆ ಅದೇ ಸರಳ.

ಎಲ್ಲಿಂದ ಶುರು ಮಾಡಲಿ?

ಮೊದಲು ಈಗಿರುವ ಸ್ಕ್ರೀನಿನ ಎಲ್ಲ ಪುಟಗಳ ಸ್ಕ್ರೀನ್‌ಶಾಟ್ ತೆಗೆದಿಡಿ. ಏನಾದರೂ ಎಡವಟ್ಟಾದರೆ ನೋಡಿಕೊಂಡು ಮತ್ತೆ ಜೋಡಿಸಬಹುದು.

ಆಮೇಲೆ ಎರಡು ಮೂರು ದಿನ ಏನನ್ನೂ ಮುಟ್ಟಬೇಡಿ, ಸುಮ್ನೆ ಗಮನಿಸಿ. ಯಾವ ಆ್ಯಪ್ ನಿಜವಾಗಿ ತೆರೆಯುತ್ತೀರಿ? ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಅಥವಾ ಸ್ಕ್ರೀನ್ ಟೈಮ್ ತೆರೆದರೆ ಅದರ ಲೆಕ್ಕವೂ ಸಿಗುತ್ತದೆ. ಬಹಳ ಜನಕ್ಕೆ ಅಲ್ಲೇ ಆಶ್ಚರ್ಯ ಆಗುತ್ತದೆ. ಮೂರು ಪುಟ ತುಂಬ ಐಕಾನ್ ಇದ್ದರೂ ದಿನಾ ಬಳಸುವುದು ಏಳೆಂಟೇ.

ಆ ಏಳೆಂಟನ್ನು ಮೊದಲ ಪುಟದ ಕೆಳಭಾಗಕ್ಕೆ ತನ್ನಿ. ಹೆಬ್ಬೆರಳು ಸುಲಭವಾಗಿ ಎಟಕುವುದು ಅಲ್ಲಿಗೇ. ಈಗಿನ ಫೋನುಗಳು ಉದ್ದ ಜಾಸ್ತಿ, ಮೇಲಿನ ಮೂಲೆ ಮುಟ್ಟಬೇಕಾದರೆ ಹಿಡಿತ ಬದಲಿಸಬೇಕು, ಫೋನ್ ಬೀಳುವುದೂ ಆಗಲೇ. ಮೇಲಿನ ಜಾಗ ಗಡಿಯಾರಕ್ಕೋ ಹವಾಮಾನಕ್ಕೋ ಸಾಕು. ಅವನ್ನು ನೋಡಿದರೆ ಆಯಿತು, ಮುಟ್ಟಬೇಕಿಲ್ಲ.

ಉಳಿದ ಐಕಾನ್‌ಗಳನ್ನು ಹೋಮ್ ಸ್ಕ್ರೀನಿನಿಂದ ತೆಗೆಯಿರಿ. ಇಲ್ಲೊಂದು ಎಚ್ಚರಿಕೆ. ಕೆಳಗಿನಿಂದ ಮೇಲೆ ಎಳೆದರೆ ಎಲ್ಲ ಆ್ಯಪ್‌ಗಳ ಪಟ್ಟಿ ಬರುವ ಫೋನುಗಳಲ್ಲಿ "ತೆಗೆಯಿರಿ" ಒತ್ತಿದರೆ ಐಕಾನ್ ಮಾತ್ರ ಹೋಗುತ್ತದೆ, ಆ್ಯಪ್ ಉಳಿಯುತ್ತದೆ. ಆ ಪಟ್ಟಿಯೇ ಇಲ್ಲದೆ ಎಲ್ಲವೂ ಹೋಮ್ ಸ್ಕ್ರೀನಿನಲ್ಲೇ ಹರಡಿರುವ ಫೋನುಗಳಲ್ಲಿ ಐಕಾನ್ ತೆಗೆದರೆ ಆ್ಯಪ್ಪೇ ಅನ್‌ಇನ್‌ಸ್ಟಾಲ್ ಆಗುತ್ತದೆ. "ಅನ್‌ಇನ್‌ಸ್ಟಾಲ್" ಅನ್ನುವ ಪದ ಕಂಡರೆ ಕೈ ಹಿಂದಕ್ಕೆ ತಗೊಳ್ಳಿ. ಹೋಮ್ ಸ್ಕ್ರೀನ್ ಸೆಟ್ಟಿಂಗ್ಸ್‌ಗೆ ಹೋಗಿ ಆ್ಯಪ್ ಡ್ರಾಯರ್, ಅಂದರೆ ಆ ಎಲ್ಲ ಆ್ಯಪ್‌ಗಳ ಪಟ್ಟಿ, ಆನ್ ಮಾಡಿ, ಆಮೇಲೆ ಮುಂದುವರಿಯಿರಿ.

ಎಲ್ಲವನ್ನೂ ಫೋಲ್ಡರಿಗೆ ಹಾಕಿದರೆ ಆಗಲ್ವಾ?

ಒಂದೆರಡು ಫೋಲ್ಡರ್ ಒಳ್ಳೆಯದು. ಬ್ಯಾಂಕಿಗೆ ಒಂದು, ಓಡಾಟಕ್ಕೆ ಒಂದು. ಹತ್ತು ಫೋಲ್ಡರ್ ಮಾಡಿದರೆ ಯಾವುದರಲ್ಲಿ ಏನಿದೆ ಅಂತ ನೆನಪಿಡುವುದೇ ಹೊಸ ಕೆಲಸವಾಗುತ್ತದೆ. ಅಪರೂಪಕ್ಕೆ ಬಳಸುವ ಆ್ಯಪ್‌ಗಳಿಗೆ ಹುಡುಕಾಟದ ಪಟ್ಟಿಯೇ ವಾಸಿ. ಹೆಸರಿನ ಮೊದಲ ಎರಡು ಅಕ್ಷರ ಹಾಕಿದರೆ ಸಿಗುತ್ತದೆ.

ದುಡ್ಡು ಕಳಿಸುವಾಗ, ಮೆಟ್ರೋ ಟಿಕೆಟ್ ತೋರಿಸುವಾಗ ಬೇಗ ತೆರೆಯುವ ದಾರಿ ಇದೆಯಾ?

ಇದೆ. ಆಂಡ್ರಾಯ್ಡ್‌ನಲ್ಲಿ ಆ್ಯಪಿನ ಐಕಾನನ್ನು ಒತ್ತಿ ಹಿಡಿದರೆ ಸಣ್ಣ ಪಟ್ಟಿಯೊಂದು ಬರುತ್ತದೆ. ಹಲವು ಯುಪಿಐ ಆ್ಯಪ್‌ಗಳಲ್ಲಿ ಆ ಪಟ್ಟಿಯೊಳಗೆ ಸ್ಕ್ಯಾನ್ ಮಾಡುವ ಶಾರ್ಟ್‌ಕಟ್ ಇರುತ್ತದೆ. ಅದನ್ನು ಹಾಗೇ ಎಳೆದು ಹೋಮ್ ಸ್ಕ್ರೀನಿಗೆ ಬಿಡಿ. ಇನ್ನು ಮುಂದೆ ಅದನ್ನು ಒತ್ತಿದರೆ ನೇರ ಕ್ಯಾಮೆರಾನೇ ತೆರೆಯುತ್ತದೆ. ಆಫರ್, ರಿವಾರ್ಡ್, ಸಾಲದ ಜಾಹೀರಾತು ದಾಟಿಕೊಂಡು ಹೋಗಬೇಕಿಲ್ಲ.

ವಾಟ್ಸ್ಆ್ಯಪ್‌ನಲ್ಲೂ ಹೀಗೇ ಒಂದು ಸೌಲಭ್ಯ ಇದೆ, ಬಹಳ ಜನ ನೋಡಿರುವುದಿಲ್ಲ. ಯಾವುದೇ ಚಾಟ್ ತೆರೆದು ಮೇಲಿನ ಮೂರು ಚುಕ್ಕಿ ಒತ್ತಿದರೆ, ಇನ್ನಷ್ಟು ಅನ್ನುವಲ್ಲಿ ಶಾರ್ಟ್‌ಕಟ್ ಸೇರಿಸುವ ಆಯ್ಕೆ ಸಿಗುತ್ತದೆ. ನಮ್ಮ ಮೆಟ್ರೋ 2022ರ ನವೆಂಬರಿನಲ್ಲಿ ವಾಟ್ಸ್ಆ್ಯಪ್ ಮೂಲಕ ಕ್ಯೂಆರ್ ಟಿಕೆಟ್ ಕೊಡಲು ಶುರು ಮಾಡಿತು. ಆ ಚಾಟನ್ನು ನನ್ನ ಸ್ಕ್ರೀನಿನ ಕೆಳಗಡೆ ಬಲಗಡೆ ಇಟ್ಟುಕೊಂಡಿದ್ದೇನೆ. ಗೇಟಿನ ಹತ್ತಿರ ಹಿಂದೆ ಜನ ನಿಂತಿರುವಾಗ ನೂರು ಗ್ರೂಪಿನ ನಡುವೆ ಟಿಕೆಟ್ ಹುಡುಕುವ ಕಷ್ಟ ಹೋಯಿತು.

ನನ್ನ ಕಣ್ಣಿಗೆ ನಿಜವಾದ ಸಿಂಗಾರ ಇದು. ಬಣ್ಣ ಬದಲಾಗಲಿಲ್ಲ, ದಿನಾ ಹತ್ತು ಸೆಕೆಂಡು ಉಳಿಯಿತು.

ಅಪ್ಪ ಅಮ್ಮನ ಫೋನನ್ನು ಹೇಗೆ ಜೋಡಿಸಿಕೊಡಲಿ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಉತ್ತರ ಸ್ವಲ್ಪ ಉದ್ದ.

ಒಂದು ದಿನ ಬೆಳಿಗ್ಗೆ ಅಮ್ಮ ಪಕ್ಕದ ಮನೆಯವರ ಫೋನಿಂದ ಕರೆ ಮಾಡಿದರು. "ನನ್ನ ಫೋನಲ್ಲಿ ಫೋನ್ ಮಾಡೋ ಹಸಿರು ಬಟನ್ನೇ ಇಲ್ಲ ಕಣೇ." ಆ ವಾರ ಊರಿಗೆ ಹೋದಾಗ ನೋಡಿದೆ. ಅಮ್ಮ ಫೋನ್ ಎತ್ತಿಕೊಳ್ಳುವಾಗ ಹೆಬ್ಬೆರಳನ್ನು ಸ್ಕ್ರೀನ್ ಮೇಲೆ ಗಟ್ಟಿಯಾಗಿ ಊರುತ್ತಾರೆ. ಫೋನಿಗೆ ಅದು "ಒತ್ತಿ ಹಿಡಿದಿದ್ದಾರೆ" ಅಂತ ಅನ್ನಿಸುತ್ತದೆ, ಐಕಾನ್ ಕಳಚಿಕೊಳ್ಳುತ್ತದೆ, ಕೈ ಅಲುಗಿದರೆ ಎಲ್ಲೋ ಹೋಗಿ ಕೂರುತ್ತದೆ. ಹಸಿರು ಬಟನ್ ಕ್ಯಾಲ್ಕುಲೇಟರ್ ಜೊತೆ ಒಂದು ಫೋಲ್ಡರಿನೊಳಗೆ ಸೇರಿಕೊಂಡಿತ್ತು.

ಇದಕ್ಕೆ ಮದ್ದು ಒಂದೇ ಸ್ವಿಚ್. ಖಾಲಿ ಜಾಗ ಒತ್ತಿ ಹಿಡಿದು ಹೋಮ್ ಸ್ಕ್ರೀನ್ ಸೆಟ್ಟಿಂಗ್ಸ್ ತೆರೆಯಿರಿ. ಸ್ಯಾಮ್‌ಸಂಗ್, ಶವೋಮಿ ಸೇರಿದಂತೆ ಹಲವು ಫೋನುಗಳಲ್ಲಿ ಲೇಔಟ್ ಲಾಕ್ ಮಾಡುವ ಆಯ್ಕೆ ಅಲ್ಲಿರುತ್ತದೆ. ಆನ್ ಮಾಡಿದರೆ ಐಕಾನ್‌ಗಳು ಅಲುಗುವುದಿಲ್ಲ. ದೊಡ್ಡವರ ಫೋನಿಗೆ ಒಂದೇ ಒಂದು ಬದಲಾವಣೆ ಮಾಡುವುದಾದರೆ ಇದನ್ನೇ ಮಾಡಿ.

ಎರಡನೆಯದು, ನೇರ ಡಯಲ್. ಇದೊಂದು ವಿಜೆಟ್, ಅಂದರೆ ಆ್ಯಪ್ ತೆರೆಯದೆ ಹೋಮ್ ಸ್ಕ್ರೀನಿನಲ್ಲೇ ಕೆಲಸ ಮಾಡುವ ಚೌಕ. ವಿಜೆಟ್‌ಗಳ ಪಟ್ಟಿಯಲ್ಲಿ ಕಾಂಟ್ಯಾಕ್ಟ್ಸ್ ಅಡಿಯಲ್ಲಿ ಡೈರೆಕ್ಟ್ ಡಯಲ್ ಅಂತ ಒಂದು ಚೌಕ ಇರುತ್ತದೆ. ಅದಕ್ಕೆ ಒಬ್ಬರ ನಂಬರ್ ಕೊಟ್ಟರೆ ಮುಖದ ಫೋಟೋ ಹೋಮ್ ಸ್ಕ್ರೀನಿಗೆ ಬರುತ್ತದೆ, ಒತ್ತಿದರೆ ಕರೆ ಹೋಗುತ್ತದೆ. ಅಮ್ಮನಿಗೆ ನನ್ನದು, ಅಣ್ಣನದು, ಚಿಕ್ಕಮ್ಮನದು ಹಾಕಿಕೊಟ್ಟೆ. ಒಂದೇ ಒತ್ತಿಗೆ ಕರೆ ಹೋಗುವುದರಿಂದ ಕೈತಪ್ಪಿ ಕರೆಗಳೂ ಬರುತ್ತವೆ. ಅದು ಕಿರಿಕಿರಿ ಅನ್ನಿಸಿದರೆ ಸಾಮಾನ್ಯ ಕಾಂಟ್ಯಾಕ್ಟ್ ವಿಜೆಟ್ ಹಾಕಿ. ನನಗಂತೂ ಆ ಕರೆಗಳ ಬಗ್ಗೆ ಯಾವ ತಕರಾರೂ ಇಲ್ಲ.

ಮೂರನೆಯದು ನನಗೆ ಅಮ್ಮನೇ ಕಲಿಸಿದ್ದು. ಅಕ್ಷರ ಎದ್ದು ಕಾಣಲಿ ಅಂತ ನಾನು ಹಿನ್ನೆಲೆಯನ್ನು ಪೂರ್ತಿ ಕಪ್ಪು ಮಾಡಿದ್ದೆ. ಮೊದಲು ಅಲ್ಲಿ ಗುಲಾಬಿ ಹೂವಿನ ಚಿತ್ರ ಇತ್ತು. ಅಮ್ಮ ಫೋನ್ ತೆಗೆದು ನೋಡಿ, "ಯಾಕೆ ಹೀಗೆ ಸೂತಕದ ಮನೆ ಥರ ಮಾಡಿದ್ದೀಯ?" ಅಂದರು. ಗುಲಾಬಿ ವಾಪಸ್ ಬಂತು. ಅಕ್ಷರದ ಗಾತ್ರ ದೊಡ್ಡದು ಮಾಡಿದೆ, ಐಕಾನ್‌ಗಳನ್ನು ಹೂವಿನ ಮೇಲೆ ಬರದ ಹಾಗೆ ಕೆಳಗೆ ಸರಿಸಿದೆ. ಹವಾಮಾನದ ವಿಜೆಟ್ ಬೇಕಾ ಅಂದರೆ ಬೇಡ ಅಂದರು, ಟಾರ್ಚ್ ಬೇಕು ಅಂದರು. ಕರೆಂಟ್ ಹೋಗುವ ಊರಿನಲ್ಲಿ ಅದೇ ಸರಿ ಅಲ್ವಾ?

ಹಾಗಾಗಿ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ. ನಿಮಗೆ ಚೆಂದ ಕಂಡದ್ದನ್ನು ಅವರು ನಿದ್ದೆ ಮಾಡುವಾಗ ಮಾಡಿಟ್ಟು ಹೋಗಬೇಡಿ. ಒಗ್ಗರಣೆ ಡಬ್ಬಿ ಅವರದು.

ಇದಿಷ್ಟೂ ಸಾಲದು ಅನ್ನಿಸಿದರೆ ಫೋನಿನಲ್ಲೇ ಸರಳ ಮೋಡ್ ಇರುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಡಿಸ್‌ಪ್ಲೇ ಸೆಟ್ಟಿಂಗ್ಸ್ ಒಳಗೆ ಈಸಿ ಮೋಡ್, ಬೇರೆ ಕಂಪನಿಗಳಲ್ಲಿ ಲೈಟ್ ಮೋಡ್, ಸಿಂಪಲ್ ಮೋಡ್ ಅಂತ ಹೆಸರು. ಐಫೋನಿನಲ್ಲಿ 2023ರ ಐಓಎಸ್ 17ರಿಂದ ಅಸಿಸ್ಟಿವ್ ಆ್ಯಕ್ಸೆಸ್ ಇದೆ. ಇವು ಎಲ್ಲವನ್ನೂ ದೊಡ್ಡದು ಮಾಡಿ, ಆಯ್ಕೆ ಕಡಿಮೆ ಮಾಡುತ್ತವೆ. ಕಣ್ಣು ಮಂಜಾದವರಿಗೆ, ಮರೆವು ಜಾಸ್ತಿ ಇರುವವರಿಗೆ ಒಳ್ಳೆಯದು. ಆದರೆ ಈಗಾಗಲೇ ಫೋನ್ ಅಭ್ಯಾಸ ಆದವರಿಗೆ ಒಮ್ಮೆಗೇ ಹಾಕಿದರೆ ಗೊತ್ತಿದ್ದ ಜಾಗವೆಲ್ಲ ಬದಲಾಗಿ ಗಾಬರಿ ಆಗುತ್ತದೆ.

ಫೋನ್ ಭಾಷೆ ಕನ್ನಡಕ್ಕೆ ಬದಲಿಸಿದರೆ ಐಕಾನ್ ಕೆಳಗಿನ ಹೆಸರು ಅರ್ಧಕ್ಕೇ ನಿಲ್ಲುತ್ತದೆ. ಏನು ಮಾಡಲಿ?

ಕನ್ನಡ 2014ರ ಆಂಡ್ರಾಯ್ಡ್ 5ರಿಂದಲೇ ಇದೆ. ಆದರೆ ಐಕಾನ್ ಕೆಳಗೆ ಹೆಸರಿಗಿರುವ ಜಾಗ ಚಿಕ್ಕದು. "ಕ್ಯಾಲ್ಕುಲೇಟರ್", "ಸೆಟ್ಟಿಂಗ್‌ಗಳು" ಅಂತ ಬರೆದಾಗ ಅಗಲ ಜಾಸ್ತಿ ಆಗಿ ಕೊನೆಗೆ ಮೂರು ಚುಕ್ಕಿ ಬೀಳುತ್ತದೆ. ಮೇಲಾಗಿ ನಮ್ಮಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಅಕ್ಷರ ತೀರಾ ಸಣ್ಣದಾದರೆ ಒತ್ತು ಯಾವುದು ಅಂತಲೇ ತಿಳಿಯುವುದಿಲ್ಲ.

ಗ್ರಿಡ್ ಬದಲಿಸಿ. ಹೋಮ್ ಸ್ಕ್ರೀನ್ ಸೆಟ್ಟಿಂಗ್ಸ್‌ನಲ್ಲಿ ಸಾಲಿಗೆ ಐದು ಐಕಾನ್ ಇದ್ದರೆ ನಾಲ್ಕು ಮಾಡಿ. ಪ್ರತಿ ಹೆಸರಿಗೂ ಜಾಗ ಸಿಗುತ್ತದೆ. ಹೊರಗಿನ ಲಾಂಚರ್ (ಹೋಮ್ ಸ್ಕ್ರೀನ್ ತೋರಿಸುವ ಬೇರೆ ಆ್ಯಪ್, ಅದರ ಮಾತು ಕೆಳಗಿದೆ) ಬಳಸುವವರು ಹೆಸರನ್ನೇ ಬದಲಿಸಬಹುದು. ನೋವಾದಂಥ ಲಾಂಚರಿನಲ್ಲಿ ಐಕಾನ್ ಒತ್ತಿ ಹಿಡಿದು ಎಡಿಟ್ ಒತ್ತಿದರೆ ನಿಮಗೆ ಬೇಕಾದ ಹೆಸರು ಹಾಕಬಹುದು: "ಲೆಕ್ಕ", "ದುಡ್ಡು", "ಬಸ್ಸು". ನನ್ನ ಚಿಕ್ಕಮ್ಮನ ಫೋನಿನಲ್ಲಿ ಹೀಗೇ ಹಾಕಿಕೊಟ್ಟಿದ್ದೇನೆ. ಇಂಗ್ಲಿಷ್ ಹೆಸರಿನ ಆಕಾರ ಗುರುತಿಟ್ಟುಕೊಳ್ಳುವ ಬದಲು ಈಗ ಓದಿ ಒತ್ತುತ್ತಾರೆ.

ಇಡೀ ಫೋನ್ ಕನ್ನಡಕ್ಕೆ ಬೇಡ, ಕೆಲವು ಆ್ಯಪ್ ಮಾತ್ರ ಸಾಕು ಅನ್ನುವವರಿಗೆ ಆಂಡ್ರಾಯ್ಡ್ 13ರಿಂದ ಆ್ಯಪಿಗೊಂದು ಭಾಷೆ ಆರಿಸುವ ಸೌಲಭ್ಯ ಇದೆ. ಆ ಆ್ಯಪಿನಲ್ಲಿ ಕನ್ನಡ ಇರಬೇಕು ಅಷ್ಟೇ.

ಲಾಂಚರ್ ಅಂದರೇನು? ಹಾಕಿಕೊಳ್ಳಬೇಕಾ?

ಹೋಮ್ ಸ್ಕ್ರೀನನ್ನು ತೋರಿಸುವ ಆ್ಯಪೇ ಲಾಂಚರ್. ಫೋನಿನ ಜೊತೆ ಒಂದು ಬಂದಿರುತ್ತದೆ. ಆಂಡ್ರಾಯ್ಡ್‌ನಲ್ಲಿ ಬೇರೆಯದನ್ನು ಹಾಕಿಕೊಂಡು, ಸೆಟ್ಟಿಂಗ್ಸ್‌ನ ಡೀಫಾಲ್ಟ್ ಆ್ಯಪ್‌ಗಳಲ್ಲಿ ಹೋಮ್ ಆ್ಯಪ್ ಅಂತ ಆರಿಸಿದರೆ ಆಯಿತು. ಬೇಡ ಅನ್ನಿಸಿದರೆ ಅಲ್ಲೇ ಹಳೆಯದಕ್ಕೆ ಹಿಂದಿರುಗಬಹುದು. ಫೋಟೋ, ನಂಬರ್, ಮೆಸೇಜು ಯಾವುದಕ್ಕೂ ಏನೂ ಆಗುವುದಿಲ್ಲ.

ಎಲ್ಲವನ್ನೂ ತಿದ್ದಲು ಇಷ್ಟಪಡುವವರು ಬಹಳ ಕಾಲ ನೋವಾ ಹಾಕುತ್ತಿದ್ದರು. ಒಂದೇ ಕೈಯಲ್ಲಿ ಬಳಸುವವರಿಗೆ ನಯಾಗರಾ ಚೆನ್ನಾಗಿದೆ, ಅದರಲ್ಲಿ ಆ್ಯಪ್‌ಗಳು ಉದ್ದಕ್ಕೆ ಪಟ್ಟಿಯಾಗಿ ಬರುತ್ತವೆ. ಚಿತ್ರವೇ ಬೇಡ, ಬರೀ ಹೆಸರು ಸಾಕು ಅನ್ನುವವರಿಗೆ ಓಲಾಂಚರ್ ಇದೆ. ಅದು ಓಪನ್ ಸೋರ್ಸ್, ಅಂದರೆ ಅದರ ಕೋಡನ್ನು ಯಾರು ಬೇಕಾದರೂ ನೋಡಬಹುದು.

ಆದರೆ ಎರಡು ಮಾತು ತಿಳಿದುಕೊಂಡು ಹಾಕಿ. ಒಂದು, ಕೆಲವು ಕಂಪನಿಗಳ ಫೋನುಗಳಲ್ಲಿ ಹೊರಗಿನ ಲಾಂಚರ್ ಹಾಕಿದರೆ ಬೆರಳು ಜಾರಿಸುವ ಸನ್ನೆಗಳು ಸರಿಯಾಗಿ ಕೆಲಸ ಮಾಡುವುದಿಲ್ಲ, ಕೆಳಗಿನ ಮೂರು ಬಟನ್ನಿಗೇ ಮರಳಬೇಕಾಗುತ್ತದೆ. ಎರಡು, ಲಾಂಚರ್ ಅಂದರೆ ಇನ್ನೊಬ್ಬರು ಮಾಡಿದ ಆ್ಯಪು. ಅದರ ಹಣೆಬರಹ ನಮ್ಮ ಕೈಯಲ್ಲಿಲ್ಲ. ನೋವಾವನ್ನೇ ನೋಡಿ: 2011ರಲ್ಲಿ ಶುರುವಾಯಿತು, 2022ರಲ್ಲಿ ಬ್ರಾಂಚ್ ಅನ್ನುವ ಕಂಪನಿ ಕೊಂಡುಕೊಂಡಿತು, 2025ರಲ್ಲಿ ಅದನ್ನು ಕಟ್ಟಿದ ಕೆವಿನ್ ಬ್ಯಾರಿ ಹೊರಗೆ ಬಂದರು. ವರ್ಷಗಟ್ಟಲೆ ಅದಕ್ಕೆ ಕೈ ಪಳಗಿಸಿಕೊಂಡವರಿಗೆ ಅದು ದುಃಖದ ಸುದ್ದಿ. ಹಾಕುವ ಮೊದಲು ಪ್ಲೇ ಸ್ಟೋರಿನಲ್ಲಿ ಕೊನೆಯ ಅಪ್‌ಡೇಟ್ ಯಾವಾಗ ಬಂದಿದೆ ಅಂತ ನೋಡಿ.

ಲಾಂಚರ್ ಹಾಕಿದರೆ ಬ್ಯಾಂಕ್ ಆ್ಯಪಿಗೆ ತೊಂದರೆನಾ?

ಲಾಂಚರ್ ಒಂದರಿಂದಲೇ ಸಾಮಾನ್ಯವಾಗಿ ಇಲ್ಲ. ಆದರೆ ಎರಡು ಸಲ ತಟ್ಟಿದರೆ ಸ್ಕ್ರೀನ್ ಆಫ್ ಆಗುವಂಥ ಸೌಲಭ್ಯಕ್ಕೆ ಅದು ಆ್ಯಕ್ಸೆಸಿಬಿಲಿಟಿ ಅನುಮತಿ ಕೇಳುತ್ತದೆ. ಆ ಅನುಮತಿ ಬಹಳ ದೊಡ್ಡದು. ಅದು ಸಿಕ್ಕ ಆ್ಯಪ್ ನಿಮ್ಮ ಸ್ಕ್ರೀನಿನಲ್ಲಿರುವುದನ್ನು ಓದಬಲ್ಲದು, ನಿಮ್ಮ ಪರವಾಗಿ ಒತ್ತಬಲ್ಲದು. ಮೋಸದ ಆ್ಯಪ್‌ಗಳು ಕೇಳುವುದೂ ಇದನ್ನೇ, ಹಾಗಾಗಿ ಕೆಲವು ಬ್ಯಾಂಕ್ ಆ್ಯಪ್‌ಗಳು ಎಚ್ಚರಿಸುತ್ತವೆ ಅಥವಾ ತೆರೆಯಲು ಒಪ್ಪುವುದಿಲ್ಲ. ನನ್ನ ಮಾತು ಕೇಳುವುದಾದರೆ ಕೊಡಬೇಡಿ. ಸ್ಕ್ರೀನ್ ಆಫ್ ಮಾಡಲು ಪಕ್ಕದಲ್ಲಿ ಬಟನ್ ಇದೆ. ಪ್ಲೇ ಸ್ಟೋರಿನ ಹೊರಗಿನಿಂದ ಬಂದ ಲಾಂಚರ್, ಥೀಮ್ ಫೈಲುಗಳನ್ನಂತೂ ಮುಟ್ಟಲೇಬೇಡಿ, ಯಾವ ಗ್ರೂಪಿನಲ್ಲಿ ಯಾರೇ ಕಳಿಸಿದ್ದರೂ ಸರಿ.

ವಿಜೆಟ್ ಹಾಕಿದರೆ ಬ್ಯಾಟರಿ ಬೇಗ ಖಾಲಿ ಆಗುತ್ತಾ?

ಒಂದೆರಡಕ್ಕೆ ಗೊತ್ತೇ ಆಗುವುದಿಲ್ಲ. ಆಂಡ್ರಾಯ್ಡ್ ತಾನಾಗಿ ವಿಜೆಟನ್ನು ಅರ್ಧ ಗಂಟೆಗಿಂತ ಬೇಗ ಬೇಗ ಎಬ್ಬಿಸುವುದಿಲ್ಲ. ಬೇರೆ ದಾರಿಯಿಂದ ಪದೇ ಪದೇ ಹೊಸದಾಗುವ ವಿಜೆಟ್‌ಗಳು, ಚಲಿಸುವ ವಾಲ್‌ಪೇಪರ್‌ಗಳು ಮಾತ್ರ ಸ್ವಲ್ಪ ತಿನ್ನುತ್ತವೆ. ಇನ್ನು ಕಪ್ಪು ಹಿನ್ನೆಲೆಯಿಂದ ಉಳಿತಾಯ ಆಗುವುದು ಓಎಲ್‌ಇಡಿ ಅಥವಾ ಅಮೊಲೆಡ್ ಪರದೆಗಳಲ್ಲಿ. ಅಲ್ಲಿ ಕಪ್ಪು ಅಂದರೆ ಆ ಚುಕ್ಕಿ ಆರಿಯೇ ಇರುತ್ತದೆ. ಎಲ್‌ಸಿಡಿ ಪರದೆಯಲ್ಲಿ ಹಿಂದಿನ ದೀಪ ಹೇಗೂ ಉರಿಯುತ್ತಿರುತ್ತದೆ, ಕಪ್ಪು ಹಾಕಿದರೂ ಅಷ್ಟೇ.

ಎಲ್ಲ ಐಕಾನ್ ಒಂದೇ ಬಣ್ಣಕ್ಕೆ ತಂದರೆ ಚೆನ್ನಾಗಿ ಕಾಣುತ್ತೆ. ಮಾಡಲಾ?

ಕಾಣುವುದು ನಿಜ. 2021ರ ಆಂಡ್ರಾಯ್ಡ್ 12ರಲ್ಲಿ ವಾಲ್‌ಪೇಪರಿನಿಂದ ಬಣ್ಣ ಎತ್ತಿಕೊಳ್ಳುವ ವ್ಯವಸ್ಥೆ ಬಂತು, 13ರಲ್ಲಿ ಬೇರೆ ಆ್ಯಪ್‌ಗಳ ಐಕಾನ್‌ಗೂ ಅದೇ ಬಣ್ಣ ಹಚ್ಚುವುದು ಬಂತು. ನಾನೂ ಒಂದು ತಿಂಗಳು ಇಟ್ಟುಕೊಂಡಿದ್ದೆ. ತೊಂದರೆ ಏನೆಂದರೆ ನಾವು ಐಕಾನನ್ನು ಓದುವುದಿಲ್ಲ, ಬಣ್ಣದಿಂದ ಗುರುತು ಹಿಡಿಯುತ್ತೇವೆ. ಹಸಿರು ಅಂದರೆ ವಾಟ್ಸ್ಆ್ಯಪ್, ನೇರಳೆ ಅಂದರೆ ಫೋನ್‌ಪೇ, ಕೆಂಪು ಅಂದರೆ ಯೂಟ್ಯೂಬ್. ಎಲ್ಲವೂ ತಿಳಿ ನೀಲಿ ಆದಾಗ ಪ್ರತಿ ಸಲ ಒಂದು ಕ್ಷಣ ನಿಂತು ನೋಡಬೇಕಾಗುತ್ತಿತ್ತು. ಮೊದಲ ಪುಟದಲ್ಲಿ ಐದಾರೇ ಐಕಾನ್ ಇದ್ದು ಅವುಗಳ ಜಾಗ ಕೈಗೆ ಗೊತ್ತಿದ್ದರೆ ಒಂದೇ ಬಣ್ಣ ನಡೆಯುತ್ತದೆ. ಇಪ್ಪತ್ತು ಇದ್ದರೆ ಬೇಡ.

ಐಫೋನಿನಲ್ಲಿ ಇಷ್ಟೆಲ್ಲ ಮಾಡೋಕೆ ಆಗುತ್ತಾ?

ಈಗ ಬಹುಪಾಲು ಆಗುತ್ತದೆ, ನಿಧಾನವಾಗಿ ಬಂತು ಅಷ್ಟೇ. 2007ರ ಮೊದಲ ಐಫೋನಿನಲ್ಲಿ ಕೊಟ್ಟದ್ದನ್ನು ಬಳಸುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಫೋಲ್ಡರು, ಹೋಮ್ ಸ್ಕ್ರೀನಿಗೆ ಹಿನ್ನೆಲೆ ಚಿತ್ರ ಬಂದದ್ದು 2010ರ ಐಓಎಸ್ 4ರಲ್ಲಿ. ಹೋಮ್ ಸ್ಕ್ರೀನಿಗೆ ವಿಜೆಟ್ ಬಂದದ್ದು 2020ರಲ್ಲಿ, ಐಓಎಸ್ 14ರ ಜೊತೆ. ಆಂಡ್ರಾಯ್ಡ್‌ನಲ್ಲಿ ಬೇರೆಯವರು ಮಾಡಿದ ವಿಜೆಟ್‌ಗಳಿಗೆ 2009ರಲ್ಲೇ ದಾರಿ ತೆರೆದಿತ್ತು. ಐಕಾನನ್ನು ಬೇಕಾದ ಜಾಗದಲ್ಲಿ, ನಡುವೆ ಖಾಲಿ ಬಿಟ್ಟು ಇಡುವುದು 2024ರ ಐಓಎಸ್ 18ರಿಂದ ಸಾಧ್ಯ.

ಶಾರ್ಟ್‌ಕಟ್ಸ್ ಆ್ಯಪ್ ಬಳಸಿ ಬೇರೆ ಚಿತ್ರದ ಐಕಾನ್ ಮಾಡಿಕೊಳ್ಳುವ ಹುಚ್ಚು 2020ರಲ್ಲಿ ಜೋರಾಗಿತ್ತು. ಅಂಥ ಐಕಾನ್ ಮೇಲೆ ಬಾಕಿ ಮೆಸೇಜಿನ ಕೆಂಪು ಸಂಖ್ಯೆ ಬರುವುದಿಲ್ಲ ಅನ್ನುವುದು ನೆನಪಿರಲಿ. ಐಫೋನ್ ಇರುವವರಿಗೆ ನಾನು ಹೇಳುವುದು ಇಷ್ಟು: ಒಂದೇ ಪುಟ ಇಟ್ಟುಕೊಳ್ಳಿ, ಉಳಿದದ್ದನ್ನು ಎಲ್ಲ ಆ್ಯಪ್‌ಗಳೂ ಇರುವ ಆ್ಯಪ್ ಲೈಬ್ರರಿಗೆ ಬಿಡಿ. ಐಕಾನ್ ಒತ್ತಿ ಹಿಡಿದು ತೆಗೆಯುವಾಗ "ಹೋಮ್ ಸ್ಕ್ರೀನಿನಿಂದ ತೆಗೆಯುವುದು" ಮತ್ತು "ಆ್ಯಪ್ ಅಳಿಸುವುದು" ಎರಡೂ ಒಟ್ಟಿಗೇ ಬರುತ್ತವೆ, ಓದಿ ಒತ್ತಿ.

ಲಾಕ್ ಸ್ಕ್ರೀನಿನಲ್ಲಿ ದಿನಾ ಬೇರೆ ಚಿತ್ರ, ಸುದ್ದಿ, ಜಾಹೀರಾತು ಬರುತ್ತೆ. ನಾನು ಹಾಕಿದ್ದಲ್ಲ!

ಫೋನಿನ ಜೊತೆಗೇ ಬಂದಿರುತ್ತದೆ. ಗ್ಲಾನ್ಸ್, ವಾಲ್‌ಪೇಪರ್ ಕರೋಸೆಲ್ ಹೀಗೆ ಕಂಪನಿಗೊಂದು ಹೆಸರು. ಸೆಟ್ಟಿಂಗ್ಸ್‌ನ ಲಾಕ್ ಸ್ಕ್ರೀನ್ ಅಥವಾ ವಾಲ್‌ಪೇಪರ್ ಭಾಗದಲ್ಲಿ ಅದನ್ನು ಹುಡುಕಿ ಆಫ್ ಮಾಡಿ. ದೊಡ್ಡವರ ಫೋನಿನಲ್ಲಿ ತಪ್ಪದೆ ಮಾಡಿ. ಫೋನ್ ತೆರೆಯಲು ಹೋಗಿ ಅವರು ಜಾಹೀರಾತಿನೊಳಗೆ ಸಿಕ್ಕಿಕೊಳ್ಳುವುದನ್ನು ಎಷ್ಟೋ ಸಲ ಕಣ್ಣಾರೆ ನೋಡಿದ್ದೇನೆ.

ಸರಳ ಮಾಡಿದರೆ ಫೋನ್ ನೋಡುವ ಚಟ ಕಡಿಮೆ ಆಗುತ್ತಾ?

ಸ್ವಲ್ಪ ಆಗುತ್ತದೆ, ಪವಾಡ ಆಗುವುದಿಲ್ಲ. ನನಗೆ ನಿಜವಾಗಿ ನೆರವಾದದ್ದು ರೀಲ್ಸ್ ಇರುವ ಆ್ಯಪ್‌ಗಳನ್ನು ಹೋಮ್ ಸ್ಕ್ರೀನಿನಿಂದ ತೆಗೆದದ್ದು. ಹೆಸರು ಟೈಪ್ ಮಾಡಿ ಹುಡುಕಿದರೆ ಮಾತ್ರ ತೆರೆಯುತ್ತದೆ. ಸಮಯ ನೋಡಲು ಫೋನ್ ಎತ್ತಿಕೊಂಡು, ಗೊತ್ತಿಲ್ಲದೆ ಅರ್ಧ ಗಂಟೆ ಕಳೆಯುವುದು ಅದರಿಂದ ಬಹಳ ಕಡಿಮೆ ಆಯಿತು. ಬೇಕು ಅಂತಲೇ ಕೂತು ನೋಡುವುದು ಮಾತ್ರ ನಿಲ್ಲಲಿಲ್ಲ.

ಇಡೀ ಸ್ಕ್ರೀನನ್ನು ಕಪ್ಪು ಬಿಳುಪು ಮಾಡುವ ಸಲಹೆಯನ್ನೂ ಜನ ಕೊಡುತ್ತಾರೆ. ಆಂಡ್ರಾಯ್ಡ್‌ನ ಬೆಡ್‌ಟೈಮ್ ಮೋಡಿನಲ್ಲಿ ಅದು ಸಿಗುತ್ತದೆ. ರಾತ್ರಿ ಒಂಬತ್ತರ ನಂತರ ಒಳ್ಳೆಯದು. ಹಗಲಲ್ಲಿ ನನಗೆ ಒಗ್ಗಲಿಲ್ಲ. ಹಣ ಹೋಯಿತೋ ಇಲ್ಲವೋ ಅಂತ ಹಸಿರು, ಕೆಂಪು ನೋಡಿಯೇ ತಿಳಿದುಕೊಳ್ಳುವ ಅಭ್ಯಾಸ ನಮಗೆ ಆಗಿಬಿಟ್ಟಿದೆ.

ಹೊಸ ಫೋನ್ ತಗೊಂಡರೆ ಇದನ್ನೆಲ್ಲ ಮತ್ತೆ ಮಾಡಬೇಕಾ?

ಗೂಗಲ್ ಬ್ಯಾಕಪ್ ಆನ್ ಇದ್ದರೆ, ಹೊಸ ಫೋನ್ ಶುರು ಮಾಡುವಾಗ ಹಳೆಯದರಿಂದ ತಂದುಕೊಳ್ಳುವ ಆಯ್ಕೆ ಕೊಟ್ಟರೆ, ಜೋಡಣೆ ಬಹುಮಟ್ಟಿಗೆ ಬರಬಹುದು. ಕಂಪನಿ ಬದಲಾದರೆ ಪೂರ್ತಿ ಬರುತ್ತದೆ ಅಂತ ನಂಬಿ ಕೂರಬೇಡಿ. ಹೊರಗಿನ ಲಾಂಚರ್ ಬಳಸುವವರು ಅದರದೇ ಬ್ಯಾಕಪ್ ಫೈಲ್ ಮಾಡಿ ಡ್ರೈವಿನಲ್ಲಿ ಇಡಿ. ವಿಜೆಟ್‌ಗಳನ್ನು, ನೇರ ಡಯಲ್ ಚೌಕಗಳನ್ನು ಕೈಯಾರೆ ಮತ್ತೆ ಹಾಕಬೇಕಾಗಬಹುದು. ಶುರುವಿನಲ್ಲಿ ಹೇಳಿದ ಹಾಗೆ ಹೊಸ ಜೋಡಣೆಯದೂ ಸ್ಕ್ರೀನ್‌ಶಾಟ್ ತೆಗೆದಿಟ್ಟರೆ ಆಗ ಕೆಲಸಕ್ಕೆ ಬರುತ್ತದೆ. ಹಳೆ ಫೋನನ್ನು ಎಕ್ಸ್‌ಚೇಂಜಿಗೆ ಕೊಡುವ ಮೊದಲು ಆ ಸ್ಕ್ರೀನ್‌ಶಾಟ್ ಹೊಸ ಫೋನಿಗೆ ಬಂದಿದೆಯಾ ಅಂತ ಒಮ್ಮೆ ಗ್ಯಾಲರಿ ತೆರೆದು ನೋಡಿ.